ಚೆಸ್ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ) ಕಲಿಯಲು ಯಾವ ಪುಸ್ತಕ?

ಮೈಸೂರಿನ ಕುವೆಂಪುನಗರದಲ್ಲಿ ಪಕ್ಕದ ಮನೆ ಹುಡುಗ ಕೇಳಿದ: ಸಿಲ್ಮನ್ ಪುಸ್ತಕ ತಗೊಳ್ಳಲಾ, ಡ್ವೊರೆಟ್ಸ್ಕಿ ಪುಸ್ತಕ ತಗೊಳ್ಳಲಾ?

ಹೊಸಬರಿಗೆ ಜೆರೆಮಿ ಸಿಲ್ಮನ್ ಅವರ 2007ರ ಪುಸ್ತಕವೇ ಸರಿ. ಪಾಠಗಳನ್ನು ರೇಟಿಂಗ್ (ಆಟಗಾರನ ಮಟ್ಟ ಹೇಳುವ ಅಂಕ) ಪ್ರಕಾರ ಜೋಡಿಸಿದ್ದಾರೆ. ನಿಮ್ಮ ಮಟ್ಟದವರೆಗೆ ಓದಿ, ಸದ್ಯಕ್ಕೆ ಮುಚ್ಚಿಡಬಹುದು. ಮಾರ್ಕ್ ಡ್ವೊರೆಟ್ಸ್ಕಿಯ ಮ್ಯಾನುಯಲ್ ಹಾಗಲ್ಲ. ಮುಖ್ಯವಾದದ್ದು ನೀಲಿ ಅಕ್ಷರದಲ್ಲಿದೆ. ಅಷ್ಟನ್ನೇ ಓದಿದರೂ ತಲೆ ಬಿಸಿಯಾಗುತ್ತದೆ! ನಾನು ಅದನ್ನೇ ಮೊದಲು ಕೊಂಡು, ಎರಡು ವರ್ಷ ಸುಮ್ನೆ ಕಪಾಟಿನಲ್ಲಿಟ್ಟಿದ್ದೆ. ಟೂರ್ನಿ ಆಡಿ ಪಳಗಿದವರಿಗೆ ಅದು.

ನಡುವಿನವರಿಗೆ ದೆ ಲಾ ವಿಯಾ ಅವರ 100 ಎಂಡ್‌ಗೇಮ್‌ಗಳ ಪುಸ್ತಕ ಸಾಕು.

ದುಡ್ಡು ಹಾಕಲು ಮನಸ್ಸಿಲ್ವಾ? ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಲುಸೆನಾ, ಫಿಲಿಡೋರ್ ಎಂಬ ಆನೆ ಎಂಡ್‌ಗೇಮ್ ಸ್ಥಿತಿಗಳ ಅಭ್ಯಾಸ ಪೂರ್ತಿ ಉಚಿತ. ಆಟಗಳಲ್ಲಿ ಆನೆಯ ಎಂಡ್‌ಗೇಮ್‌ಗಳೇ ಜಾಸ್ತಿ ಬರುವುದು, ಅಲ್ವಾ? ರಾಜ, ಕಾಲಾಳಿನ ಪಾಠ ಮುಗಿದ ಮೇಲೆ ಅವನ್ನೇ ಹಿಡಿಯಿರಿ.