ದುರ್ಗಿಗುಡಿಯ ಮಾರ್ಗದರ್ಶನ ಕೇಂದ್ರ: ಬಲ ಬರೆಯಲು ಕಲಿಸಿದರು, ದೌರ್ಬಲ್ಯಕ್ಕೆ ಅಚ್ಚು ಕೊಟ್ಟರು

ಬ್ರಿಟನ್ನಿನಲ್ಲಿ ಸಸ್ಯವಿಜ್ಞಾನ ಓದಬೇಕೆಂದಿರುವ ಮಗಳ ಪರ್ಸನಲ್ ಸ್ಟೇಟ್‌ಮೆಂಟ್ (ಪ್ರವೇಶದ ಅರ್ಜಿಯಲ್ಲಿ ತನ್ನ ಬಗ್ಗೆ ತಾನೇ ಬರೆಯುವ ಬರಹ) ತಿದ್ದಿಸಲು, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಮಾರ್ಗದರ್ಶನ ಕೇಂದ್ರವೊಂದಕ್ಕೆ ನಾಲ್ಕು ಶನಿವಾರ ಹೋಗಿ ಬಂದೆವು. ಶುಲ್ಕ 6,000 ರೂಪಾಯಿ.

2026ರ ಪ್ರವೇಶದಿಂದ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶ ಅರ್ಜಿಗಳನ್ನು ನಿರ್ವಹಿಸುವ ಯುಕಾಸ್ ಸಂಸ್ಥೆಯು ಈ ಬರಹಕ್ಕೆ ಒಂದೇ ಉದ್ದನೆಯ ಪ್ರಬಂಧವನ್ನು ಕೈಬಿಟ್ಟು ಮೂರು ಪ್ರಶ್ನೆಗಳನ್ನು ಕೇಳುತ್ತಿದೆ; ಮೂರಕ್ಕೂ ಸೇರಿ, ಪದಗಳ ನಡುವಿನ ಖಾಲಿ ಜಾಗವನ್ನೂ ಎಣಿಸಿ, 4,000 ಅಕ್ಷರಗಳ ಮಿತಿ, ಒಂದೊಂದಕ್ಕೆ ಕನಿಷ್ಠ 350. ಕೇಂದ್ರದವರಿಗೆ ಈ ಲೆಕ್ಕ ಸರಿಯಾಗಿಯೇ ಗೊತ್ತಿತ್ತು.

ಮೊದಲ ಕರಡಿನಲ್ಲಿ ಮಗಳು ‘ನಾನು ಶ್ರಮಜೀವಿ, ಕುತೂಹಲಿ, ನಾಯಕತ್ವದ ಗುಣವುಳ್ಳವಳು’ ಎಂದು ಬರೆದಿದ್ದಳು. ಅಲ್ಲಿನ ಮೇಡಂ ಮೂರಕ್ಕೂ ಕೆಂಪು ಗೀಟೆಳೆದು, “ಹಾಗಂತ ಯಾರು ಬೇಕಾದರೂ ಬರೀತಾರಮ್ಮ, ನೀನು ಏನು ಮಾಡಿದೆ ಹೇಳು” ಎಂದರು. ಮುಕ್ಕಾಲು ಗಂಟೆ ಕೆದಕಿದ ಮೇಲೆ ಹೊರಬಂದದ್ದು ನಾನೇ ಮರೆತಿದ್ದ ಸಂಗತಿ: ನಮ್ಮ ಅಡಿಕೆ ತೋಟಕ್ಕೆ ಕೊಳೆ ರೋಗ ಬಿದ್ದ ವರ್ಷ ಅವಳು ಇಪ್ಪತ್ತು ಮರಗಳಿಗೆ ಸುಣ್ಣದ ಗುರುತು ಹಾಕಿ, ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದ ಮರದಡಿ ಎಷ್ಟು, ಹೊಡೆಯದ ಮರದಡಿ ಎಷ್ಟು ಕಾಯಿ ಉದುರಿವೆಯೆಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಮಳೆಯಲ್ಲಿ ನೆನೆದು ಶಾಯಿ ಕದಡಿದ ಆ ಪುಟಗಳೇ ಎರಡನೆಯ ಕರಡಿನ ಜೀವಾಳವಾದವು. ಇಷ್ಟಕ್ಕೇ ಆ ಮೇಡಂಗೆ ಪೂರ್ಣ ಅಂಕ ಕೊಡುತ್ತೇನೆ.

ಮೂರನೆಯ ವಾರ ಬೇರೊಬ್ಬರು ಕೂತಿದ್ದರು. ‘ಎಲ್ಲವನ್ನೂ ಪರಿಪೂರ್ಣವಾಗಿ ಮಾಡಬೇಕೆಂಬ ಹಟವೇ ನನ್ನ ದೌರ್ಬಲ್ಯ’ ಎಂಬ ಸಾಲಿದ್ದ ಮಾದರಿ ಹಾಳೆಯನ್ನು ಅವರು ಕೊಟ್ಟರು. ಪಕ್ಕದ ಬೆಂಚಿನ ಹುಡುಗನ ಕೈಯಲ್ಲೂ ಅದೇ ಹಾಳೆ. ದೌರ್ಬಲ್ಯದ ಹೆಸರಿನಲ್ಲಿ ಮಾಡಿಕೊಂಡ ಈ ಹೊಗಳಿಕೆ ಯಾರನ್ನೂ ನಂಬಿಸುವುದಿಲ್ಲ ಎಂಬುದು ಒಂದು ಕಡೆ. ಅರ್ಜಿಗಳ ನಡುವಿನ ಸಾಮ್ಯವನ್ನು ಯುಕಾಸ್ ತಂತ್ರಾಂಶದಿಂದ ಪರಿಶೀಲಿಸುತ್ತದೆ ಎಂಬುದು ಇನ್ನೊಂದು ಕಡೆ. ಅಲ್ಲದೆ ಆ ಮೂರು ಪ್ರಶ್ನೆಗಳಲ್ಲಿ ಯಾವುದೂ ದೌರ್ಬಲ್ಯವನ್ನು ನೇರವಾಗಿ ಕೇಳುವುದೇ ಇಲ್ಲ. ಕೆಲಸದ ರೀತಿಯನ್ನು ಬದಲಿಸಿದ ಕೊರತೆಗೆ ಮಾತ್ರ ಅಲ್ಲಿ ಜಾಗ ಕೊಡಬಹುದು.

ಅಂಥದ್ದು ಮಗಳ ಬಳಿ ಇತ್ತು. ಜುಲೈನಲ್ಲಿ ಹನ್ನೊಂದು ದಿನ ಬೇಸರದಿಂದ ಎಣಿಕೆ ಬಿಟ್ಟದ್ದರಿಂದ ಎರಡನೆಯ ಸಿಂಪಡಣೆಯ ಫಲ ಲೆಕ್ಕಕ್ಕೆ ಸಿಗಲಿಲ್ಲ. ಮರುವರ್ಷ ತನಗಾಗದ ದಿನ ಎಣಿಸಲು ಅಜ್ಜನನ್ನು ಒಪ್ಪಿಸಿದಳು. ಬಸ್ಸಿನಲ್ಲಿ ಮಂಡಗದ್ದೆ ದಾಟುವಷ್ಟರಲ್ಲಿ ಅದನ್ನು ತಾನೇ ನಾಲ್ಕು ಸಾಲಿನಲ್ಲಿ ಬರೆದು ಮುಗಿಸಿದಳು.

ಹೋಗುವವರು ಮೊದಲೇ ವಿಚಾರಿಸಿಕೊಂಡು ಆ ಮೇಡಂ ಇರುವ ದಿನವೇ ಹೋಗಿ. ಭೇಟಿಯ ಲೆಕ್ಕದಲ್ಲಿ ಹಣ ಕೊಡುವ ಅವಕಾಶವಿದ್ದಿದ್ದರೆ ನಾನು ಎರಡಕ್ಕೇ ನಿಲ್ಲಿಸುತ್ತಿದ್ದೆ.