ಶ್ರವಣಬೆಳಗೊಳ: ದೊಡ್ಡ ಬೆಟ್ಟದ ಜೊತೆ ಚಿಕ್ಕ ಬೆಟ್ಟವನ್ನೂ ಹತ್ತಿ

ದೊಡ್ಡ ಬೆಟ್ಟ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲೇರಿದರೆ ಬಂಡೆ ಕಾದು ಅಂಗಾಲು ಚುರುಗುಟ್ಟುತ್ತದೆ. ಬೆಳಗ್ಗೆ ಬೇಗ ಹತ್ತಿ, ದಪ್ಪ ಕಾಲುಚೀಲ ಇರಲಿ. ಆಗದವರಿಗೆ ಡೋಲಿ ಸಿಗುತ್ತದೆ.

ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ 58 ಅಡಿಯ ಗೊಮ್ಮಟನ ಮುಂದೆ ಫೋಟೊ ತೆಗೆದು ಇಳಿದುಬಿಡಬೇಡಿ. ಪಾದದ ಪಕ್ಕ ಬಗ್ಗಿ ನೋಡಿ: ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಅಕ್ಷರ, ಹುತ್ತದಿಂದ ಇಣುಕುವ ಹಾವು, ತೊಡೆ ತೋಳು ಸುತ್ತಿದ ಬಳ್ಳಿ. ಅಲುಗದೆ ನಿಂತ ಬಾಹುಬಲಿಯ ತಪಸ್ಸೇ ಅಲ್ಲಿದೆ.

ಎದುರಿನ ಚಿಕ್ಕ ಬೆಟ್ಟ ಚಂದ್ರಗಿರಿ ಇನ್ನೂ ಹಳೆಯದು, ಹತ್ತುವುದೂ ಸುಲಭ. ಜೈನ ಮುನಿ ಭದ್ರಬಾಹು, ಚಂದ್ರಗುಪ್ತ ಮೌರ್ಯ ಇಲ್ಲೇ ಸಲ್ಲೇಖನ (ಉಪವಾಸವಿದ್ದು ದೇಹ ಬಿಡುವ ವ್ರತ) ಕೈಗೊಂಡರೆಂಬುದು ಜೈನ ಪರಂಪರೆ. ನೆಲದ ಬಂಡೆಯಲ್ಲೇ ಹಾಗೆ ದೇಹ ಬಿಟ್ಟವರ ನೆನಪಿನ ನಿಸಿದಿ ಶಾಸನಗಳಿವೆ, ತುಳಿಯದೆ ನಡೆಯಿರಿ.