ಲಡ್ಲೋ: ಕೋಟೆಯ ಬಾಗಿಲಲ್ಲೇ ಸಂತೆ ಕೂಡುವ ಊರು

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಉಡುಪಿಯವರಲ್ಲಿ ಹೆಚ್ಚಿನವರು ಲಂಡನ್ ನೋಡಿ, ಒಂದೆರಡು ಅರಮನೆಗಳ ಮುಂದೆ ಫೋಟೋ ತೆಗೆಸಿಕೊಂಡು ಹಿಂತಿರುಗುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗಳ ಒತ್ತಾಯದಿಂದ ನಾನೂ ನನ್ನ ಹೆಂಡತಿಯೂ ವೇಲ್ಸ್ ಗಡಿಯ ಸಮೀಪ, ಶ್ರಾಪ್‌ಶೈರಿನಲ್ಲಿರುವ ಲಡ್ಲೋ ಎಂಬ ಹಳೆಯ ಪೇಟೆಯಲ್ಲಿ ಎರಡು ರಾತ್ರಿ ಉಳಿದೆವು. ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿದರೆ ಅಲ್ಲಿಂದ ಅರ್ಧ ಗಂಟೆಯ ದಾರಿ. ನಿಲ್ದಾಣದಿಂದ ಪೇಟೆಗೆ ನಡೆದೇ ಹೋಗಬಹುದು. ಅಲ್ಲಿಗೆ ಹೋಗಬೇಕೆನ್ನುವವರಿಗೆ ನಾನು ಮೊದಲು ಹೇಳುವುದು, ಸಂತೆಯ ದಿನವೇ ಹೋಗಿ ಎಂದು.

ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ ಕೋಟೆಯ ಹೆಬ್ಬಾಗಿಲಿನ ಎದುರಿನ ಚೌಕದಲ್ಲಿ ಸಂತೆ ಕೂಡುತ್ತದೆ. ನಮ್ಮ ರಥಬೀದಿಯಲ್ಲಿ ದೇವರ ದರ್ಶನಕ್ಕೆ ಬಂದವರೂ ಹೂವು ಮಾರುವವರೂ ಒಂದೇ ಬೀದಿಯಲ್ಲಿ ಓಡಾಡುವಂತೆ, ಅಲ್ಲಿ ಕೋಟೆ ನೋಡಲು ಬಂದವರೂ ಮನೆಗೆ ತರಕಾರಿ ಒಯ್ಯಲು ಬಂದವರೂ ಒಂದೇ ಚೌಕದಲ್ಲಿ ಸೇರುತ್ತಾರೆ. ಚೀಸ್ ಮಾರುವ ಹಿರಿಯರೊಬ್ಬರು ತೆಳ್ಳಗೆ ಒಂದು ಚೂರು ಕೊಯ್ದು ಚೂರಿಯ ತುದಿಯಲ್ಲೇ ನಮ್ಮ ಮುಂದೆ ಹಿಡಿದು, ರುಚಿ ಒಪ್ಪಿಗೆಯಾದ ಮೇಲಷ್ಟೇ ತೂಗಿ ಕಾಗದದಲ್ಲಿ ಕಟ್ಟಿಕೊಟ್ಟರು. ಆದಿಉಡುಪಿಯ ಸಂತೆಯಲ್ಲಿ ಗುಳ್ಳವನ್ನು ಒಂದೊಂದಾಗಿ ತಿರುಗಿಸಿ ನೋಡಿ ಆರಿಸುವ ನನ್ನ ಹೆಂಡತಿಗೆ ಆ ವ್ಯಾಪಾರದ ರೀತಿ ಬಹಳ ಮೆಚ್ಚುಗೆಯಾಯಿತು.

ಕೋಟೆಗೆ ಒಂದು ಗಂಟೆ ಸಾಕು. 11ನೇ ಶತಮಾನದ ಕೊನೆಯಲ್ಲಿ ನಾರ್ಮನ್ನರು ಕಟ್ಟಿದ ಈ ಕೋಟೆಗೆ ಈಗ ಮಾಡು ಉಳಿದಿಲ್ಲ. ವೃತ್ತಾಕಾರದ ಪುಟ್ಟ ಪ್ರಾರ್ಥನಾ ಮಂದಿರವೊಂದನ್ನು ಮಾತ್ರ ತಪ್ಪದೆ ನೋಡಬೇಕು. ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್, ಮದುವೆಯಾದ ಕೆಲವೇ ತಿಂಗಳಲ್ಲಿ, 1502ರಲ್ಲಿ ತೀರಿಕೊಂಡದ್ದು ಇಲ್ಲಿಯೇ. ಅವನು ಬದುಕಿದ್ದರೆ ತಮ್ಮನಾದ ಎಂಟನೆಯ ಹೆನ್ರಿಗೆ ಪಟ್ಟ ಸಿಗುತ್ತಿರಲಿಲ್ಲ.

ಸಮಯ ಕೊಡಬೇಕಾದದ್ದು ಸೇಂಟ್ ಲಾರೆನ್ಸ್ ಚರ್ಚಿಗೆ. ಸುಮಾರು 41 ಮೀಟರ್ ಎತ್ತರದ ಅದರ ಗೋಪುರ ಊರಿನ ಎಲ್ಲ ಕಡೆಯಿಂದಲೂ ಕಾಣುತ್ತದೆ. ಒಳಗೆ, ದೀರ್ಘ ಪ್ರಾರ್ಥನೆಯ ವೇಳೆ ನಿಂತೇ ಇರಬೇಕಾದ ಪಾದ್ರಿಗಳು ತುಸು ಒರಗಿಕೊಳ್ಳಲೆಂದು ಮಾಡಿದ ಮಡಚುವ ಮರದ ಆಸನಗಳಿವೆ. ಅವುಗಳ ಅಡಿಯಲ್ಲಿ ಮಧ್ಯಯುಗದ ಬಡಗಿಗಳು ಕೆತ್ತಿದ ಚಿತ್ರಗಳನ್ನು ಬಗ್ಗಿ ನೋಡಬೇಕು. ಒಂದರಲ್ಲಿ, ಅಳತೆಯಲ್ಲಿ ಮೋಸ ಮಾಡಿದ ಮದ್ಯ ಮಾರುವ ಹೆಂಗಸನ್ನು ಪಿಶಾಚಿಯೊಂದು ಹೆಗಲ ಮೇಲೆ ತಲೆಕೆಳಗಾಗಿ ಹೊತ್ತು ನರಕದ ಬಾಯಿಗೆ ಒಯ್ಯುತ್ತಿದೆ. ಮೋಸದ ಪಾತ್ರೆ ಇನ್ನೂ ಅವಳ ಕೈಯಲ್ಲೇ ಇದೆ. ಪಕ್ಕದಲ್ಲಿ ಇನ್ನೊಂದು ಪಿಶಾಚಿ ಚಿತ್ರಗುಪ್ತನಂತೆ ಅವಳ ಪಾಪದ ಪಟ್ಟಿಯನ್ನು ಓದುತ್ತಿದೆ. ಸಂತೆಯಿಂದ ಬದುಕಿದ ಊರಿಗೆ ಅಳತೆಯ ನಿಯತ್ತು ಎಷ್ಟು ದೊಡ್ಡದಾಗಿತ್ತೆಂಬುದು ಆ ಅಂಗೈಯಗಲದ ಮರದಲ್ಲಿ ನನಗೆ ಕಂಡಷ್ಟು ಸ್ಪಷ್ಟವಾಗಿ ಕೋಟೆಯಲ್ಲಿ ಎಲ್ಲಿಯೂ ಕಾಣಲಿಲ್ಲ.

ಎರಡನೆಯ ದಿನವನ್ನು ಸ್ಟೋಕ್‌ಸೇಗೆ ಮೀಸಲಿಡಿ. ರೈಲಿನಲ್ಲಿ ಮುಂದಿನ ನಿಲ್ದಾಣವಾದ ಕ್ರೇವನ್ ಆರ್ಮ್ಸ್‌ನಲ್ಲಿ ಇಳಿದು ಒಂದೂವರೆ ಕಿಲೋಮೀಟರಿನಷ್ಟು ನಡೆದರೆ ಸಿಗುವ ಇದಕ್ಕೆ ಕೋಟೆಯೆಂಬ ಹೆಸರಿದ್ದರೂ ಇದು ಕಟ್ಟಿಸಿದವನ ಸಂಪತ್ತನ್ನು ತೋರುವ ಮನೆ. ಲಡ್ಲೋದ ಉಣ್ಣೆ ವ್ಯಾಪಾರಿ ಲಾರೆನ್ಸ್ 1281ರಲ್ಲಿ ಈ ಜಾಗವನ್ನು ಕೊಂಡು, ಕೋಟೆಯಂತೆ ಭದ್ರಪಡಿಸಲು 1291ರಲ್ಲಿ ಅರಸನ ಅನುಮತಿ ಪಡೆದು, 1294ರಲ್ಲಿ ಉಣ್ಣೆಯ ಹಡಗಿನೊಂದಿಗೆ ಸಮುದ್ರದಲ್ಲಿ ಮುಳುಗಿ ಸತ್ತ. ಅವನ ದೊಡ್ಡ ಹಜಾರ, ನೆಲದ ನಡುವಿನ ಒಲೆ, ಗೋಡೆಗಂಟಿ ಏರುವ ದಪ್ಪ ಮರದ ಮೆಟ್ಟಿಲುಗಳು ಇಂದಿಗೂ ಹಾಗೆಯೇ ಇವೆ. ಆ ಮೆಟ್ಟಿಲ ಮೇಲೆ ಕಾಲಿಟ್ಟಾಗ ನನಗೆ ನೆನಪಾದದ್ದು ಅಕ್ಕಿಯ ವ್ಯಾಪಾರದಿಂದ ಬೆಳೆದ ನಮ್ಮ ಬಸರೂರು. ಅಲ್ಲಿನ ವರ್ತಕರ ಹೆಸರುಗಳು ಶಾಸನಗಳಲ್ಲಿ ಉಳಿದಿವೆ. ಅವರ ಮನೆಯೊಂದಾದರೂ ಹೀಗೆ ಉಳಿದಿದ್ದರೆ ಎಂದು ಮನಸ್ಸು ನೊಂದಿತು.

ತೊಂದರೆಯಾದದ್ದು ವಸತಿಯಲ್ಲಿ. ಹೆಂಡತಿಯ ಮೊಣಕಾಲು ನೋವನ್ನು ಮೊದಲೇ ತಿಳಿಸಿ ಕೆಳಗಿನ ಕೋಣೆ ಕೇಳಿದ್ದರೂ, ನಾವು ಇಳಿದುಕೊಂಡ ಮನೆಯವರು ಕಡಿದಾದ ಮೆಟ್ಟಿಲುಗಳ ಮೂರನೆಯ ಅಂತಸ್ತಿನಲ್ಲಿ ಕೋಣೆ ಕೊಟ್ಟರು; ಕೇಳಿದ್ದಕ್ಕೆ ಬೇರೆ ಖಾಲಿ ಇಲ್ಲ ಎಂದರು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪವಾದ್ದರಿಂದ ಹಿರಿಯರೊಂದಿಗೆ ಹೋಗುವವರು ಕೋಣೆ ಯಾವ ಅಂತಸ್ತಿನಲ್ಲಿದೆ ಎಂಬುದನ್ನು ಬರಹದಲ್ಲೇ ಪಡೆದುಕೊಳ್ಳಬೇಕು. ಸಸ್ಯಾಹಾರಿಗಳಿಗೆ ಹಗಲಿನ ಊಟದ ಚಿಂತೆಯಿಲ್ಲ. ರಾತ್ರಿ ಮಾತ್ರ ಆಯ್ಕೆ ಕಡಿಮೆಯಾಗಿ, ಮಗಳು ಕಟ್ಟಿಕೊಟ್ಟ ಅವಲಕ್ಕಿಯೂ ಮಿಡಿ ಉಪ್ಪಿನಕಾಯಿಯೂ ನಮ್ಮ ನೆರವಿಗೆ ಬಂದವು. ಚಳಿಗಾಲದಲ್ಲಿ ಸ್ಟೋಕ್‌ಸೇ ತೆರೆದಿರುವ ದಿನಗಳು ಕಡಿಮೆಯಾಗಿರುವುದರಿಂದ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗುವುದು ಒಳ್ಳೆಯದು. ಹೊರಡುವ ಸಂಜೆ ಡಿನ್ಹಮ್ ಸೇತುವೆ ದಾಟಿ ಎದುರಿನ ವಿಟ್‌ಕ್ಲಿಫ್ ಗುಡ್ಡ ಹತ್ತಿದರೆ ಕೆಳಗೆ ಟೀಮ್ ನದಿ, ಅದರಾಚೆ ಕೋಟೆ, ಗೋಪುರ, ಹೆಂಚಿನ ಮಾಡುಗಳು ಒಟ್ಟಿಗೇ ಕಾಣುತ್ತವೆ.